ಥರ್ಮಾಮೀಟರ್ 10 ಅಂದಿತು, ಕಬ್ಬಿಣ ಒಪ್ಪಲಿಲ್ಲ

ಜಪಾನಿನ ಹ್ಯೋಗೊ ಪ್ರಾಂತ್ಯದಲ್ಲಿ ಒಂದು ಗುಡ್ಡವನ್ನೇ ಸುತ್ತಿಕೊಂಡು ಕೂತ ಉಂಗುರವಿದೆ. ಅದರ ಹೆಸರು ಸ್ಪ್ರಿಂಗ್-8, ಸುತ್ತಳತೆ 1,436 ಮೀಟರ್. ಅದರೊಳಗೆ ಓಡುವ ಎಲೆಕ್ಟ್ರಾನ್‌ಗಳು ಉಗುಳುವ ಎಕ್ಸ್-ರೇಗಾಗಿ ನಾವು ತಿಂಗಳುಗಟ್ಟಲೆ ಕಾದಿದ್ದೆವು. ಸಿಕ್ಕಿದ್ದು ಮೂರು ದಿನ.

ಅಲ್ಲಿ ಏನು ಮಾಡ್ತೀಯ ಅಂತ ಊರಿಂದ ಫೋನ್ ಮಾಡಿದವರೆಲ್ಲ ಕೇಳುತ್ತಾರೆ. ಪ್ರೋಟೀನ್ ಒಳಗಿನ ಕಬ್ಬಿಣ ಹೇಗೆ ನಡುಗುತ್ತದೆ ಅಂತ ನೋಡುತ್ತೇನೆ, ಅಷ್ಟೇ. ಸ್ನಾಯುಗಳಲ್ಲಿ ಆಮ್ಲಜನಕ ಹಿಡಿದಿಡುವ ಪ್ರೋಟೀನ್ ಮಯೋಗ್ಲೋಬಿನ್‌ನಲ್ಲಿ ಸಾವಿರಾರು ಪರಮಾಣುಗಳಿವೆ, ಕಬ್ಬಿಣ ಮಾತ್ರ ಒಂದೇ. ಇನ್‌ಫ್ರಾರೆಡ್‌ನಲ್ಲಿ ನೋಡಿದರೆ ನೀರೂ ಸೇರಿ ಎಲ್ಲವೂ ಒಟ್ಟಿಗೆ ಮಾತಾಡುತ್ತವೆ, ಸಂತೆ ಗದ್ದಲ. ಎಕ್ಸ್-ರೇಯ ಶಕ್ತಿಯನ್ನು 14.4 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಕೂದಲೆಳೆಯಷ್ಟು ಸರಿಸುತ್ತಾ ಹೋದರೆ ಕಬ್ಬಿಣ-57 ಎಂಬ ಐಸೋಟೋಪ್‌ನ (ಕಬ್ಬಿಣದ್ದೇ ತುಸು ಭಾರದ ರೂಪ) ನ್ಯೂಕ್ಲಿಯಸ್ ಮಾತ್ರ ಓಗೊಡುತ್ತದೆ. ಸಾಮಾನ್ಯ ಕಬ್ಬಿಣದಲ್ಲಿ ಇದು ಶೇಕಡಾ 2ರಷ್ಟೇ ಇರುವುದರಿಂದ, ಬೇರೆಯಾಗಿ ತಂದು ಪ್ರೋಟೀನ್‌ಗೆ ಸೇರಿಸಬೇಕು (ಆ ಗೋಳು ಇನ್ನೊಮ್ಮೆ).

ಸ್ಯಾಂಪಲ್‌ನ ಎಲೆಕ್ಟ್ರಾನ್‌ಗಳು ಚೆದುರಿಸಿದ ಎಕ್ಸ್-ರೇ ತಕ್ಷಣ ಬಂದುಬಿಡುತ್ತದೆ. ನ್ಯೂಕ್ಲಿಯಸ್ ಮಾತ್ರ ಸರಾಸರಿ 141 ನ್ಯಾನೋಸೆಕೆಂಡ್ ತಡ. ನಮ್ಮ ಡಿಟೆಕ್ಟರ್, ತಡವಾಗಿ ಬಂದವರ ಹಾಜರಿ ಮಾತ್ರ ಹಾಕುವ ವಿಚಿತ್ರ ಮೇಷ್ಟ್ರು. ಹಾಗೆ ಬರುವವರೂ ಬೆರಳೆಣಿಕೆಯಷ್ಟು, ಹಾಗಾಗಿ ಸ್ಕ್ಯಾನ್ ಮೇಲೆ ಸ್ಕ್ಯಾನ್ ಕೂಡಿಸುತ್ತಾ ರಾತ್ರಿಯಿಡೀ ಕೂರಬೇಕು.

ಎರಡನೇ ರಾತ್ರಿ ನಾನೇ ಎಡವಟ್ಟು ಮಾಡಿದೆ. ಹೀಲಿಯಂನಿಂದ ತಣ್ಣಗಾಗುವ ತಾಮ್ರದ ತುಂಡಿಗೆ ಸ್ಯಾಂಪಲ್ ಅಂಟಿಸುವಾಗ ಗ್ರೀಸ್ ಸಾಲಲಿಲ್ಲ. ಪರದೆಯಲ್ಲಿ 10 ಕೆಲ್ವಿನ್ (ಅಂದರೆ ಸುಮಾರು ಮೈನಸ್ 263 ಡಿಗ್ರಿ ಸೆಲ್ಸಿಯಸ್) ಅಂತ ಕಾಣುತ್ತಿತ್ತು, ನಾನು ನಿಶ್ಚಿಂತೆಯಾಗಿದ್ದೆ. ಆದರೆ ಗ್ರಾಫಿನಲ್ಲಿ ನಡುವಿನ 14.4ರ ಎಡಗಡೆ, ಶಕ್ತಿ ಕಡಿಮೆಯಿರುವ ಕಡೆ, ಸಣ್ಣ ದಿಬ್ಬ ಎದ್ದಿತ್ತು! ಬಲಗಡೆ ಅಂದರೆ ಎಕ್ಸ್-ರೇ ಕಬ್ಬಿಣಕ್ಕೆ ನಡುಕ ಕೊಟ್ಟಿದ್ದು, ಎಡಗಡೆ ಅಂದರೆ ಕಬ್ಬಿಣ ತನ್ನ ಹತ್ತಿರ ಇದ್ದ ನಡುಕವನ್ನು ವಾಪಸ್ ಕೊಟ್ಟಿದ್ದು. ನಿಜವಾಗಿ ಅಷ್ಟು ತಣ್ಣಗಿದ್ದರೆ ಕೊಡೋಕೆ ಏನೂ ಇರಬಾರದು, ಅಲ್ವಾ? ಎರಡೂ ಕಡೆಯ ಎತ್ತರಗಳ ಅನುಪಾತದಿಂದ ಲೆಕ್ಕ ಹಾಕಿದರೆ 70 ಕೆಲ್ವಿನ್ ಬಂತು. ಥರ್ಮಾಮೀಟರ್ ಇದ್ದದ್ದು ತಾಮ್ರದ ಮೇಲೆ, ಅದು ತನ್ನ ಚಳಿಯನ್ನಷ್ಟೇ ಹೇಳುತ್ತಿತ್ತು.

ಬಿಚ್ಚಿ, ಗ್ರೀಸ್ ಜಾಸ್ತಿ ಬಳಿದು, ಮತ್ತೆ ತಣ್ಣಗಾಗಿಸುವಷ್ಟರಲ್ಲಿ ಐದು ಗಂಟೆ ಹೋಯಿತು. ಹಳೆಯ ಸ್ಕ್ಯಾನ್‌ಗಳನ್ನು ಎಸೆಯಲಿಲ್ಲ, ನಿಜವಾದ ತಾಪಮಾನ ಗೊತ್ತಿದ್ದರೆ ಅವೂ ಲೆಕ್ಕಕ್ಕೆ ಬರುತ್ತವೆ. ಬೆಳಗಿನ ಜಾವ ಹೊಸ ಸ್ಕ್ಯಾನ್ ಬಂದಾಗ ಎಡಗಡೆ ಬಹುತೇಕ ಸಪಾಟು. ಖಾಲಿ ಜಾಗ ನೋಡಿ ಅಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು.