ಒಂದೇ ಮನೆಯೊಳಗೆ ಎರಡು ಓಣಿ

ಗದಗ-ಬೆಟಗೇರಿಯ ಆ ಮನೆಯಲ್ಲಿ ಕಂಪ್ಯೂಟರ್ ಎರಡು. ಕೆಳಗೆ ಪಡಸಾಲೆಯಲ್ಲಿ ವಿಂಡೋಸ್ 7ರ ಹಳೆಯ ಡೆಸ್ಕ್‌ಟಾಪ್. ಪೇಜ್‌ಮೇಕರ್ 7, ಲೇಸರ್ ಪ್ರಿಂಟರ್, ವರ್ಷಗಟ್ಟಲೆ ಕೂಡಿಟ್ಟ ಲಗ್ನಪತ್ರಗಳ ಫೈಲು, ಎಲ್ಲ ಅದಕ್ಕೇ ಅಂಟಿಕೊಂಡಿವೆ. ಮಾಳಿಗೆಯ ಕೋಣೆಯಲ್ಲಿ ವಿಂಡೋಸ್ 11 ಪ್ರೊ ಲ್ಯಾಪ್‌ಟಾಪ್. ಅಡಿಗೆ ಮುಗಿಸಿ ಮನೆಯೊಡತಿ ವೈನಿ ಅಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ಎರಡರ ನಡುವೆ ಹದಿನಾಲ್ಕು ಮೆಟ್ಟಿಲು, ಒಂದು ಪೆನ್‌ಡ್ರೈವ್. ಗದಗ ಮುದ್ರಣದ ಊರು. ಲಗ್ನದ ತಿಥಿಗಳು ಒತ್ತೊತ್ತಾಗಿ ಬಂದಾಗ ಮೆಟ್ಟಿಲು ಹತ್ತಿಳಿಯುವ ತ್ರಾಸಿಗಿಂತ ದೊಡ್ಡ ತ್ರಾಸೊಂದಿದೆ: ತಿದ್ದಿದ ಪ್ರತಿ ಮೇಲೆ, ತಿದ್ದದ ಪ್ರತಿ ಕೆಳಗೆ. ಹೋದ ವಾರ ಮುಹೂರ್ತದ ವೇಳೆಯೇ ತಪ್ಪಿದ್ದ ಪ್ರತಿ ಅಚ್ಚಿಗೆ ಹೋಗುವುದರಲ್ಲಿತ್ತು.

ಅದಕ್ಕೇ ಫೈಲ್ ಶೇರಿಂಗ್ ಬೇಕಾಯಿತು. ನನಗಿಂತ ಮೊದಲೇ ಒಬ್ಬರು ಬಂದು ನೋಡಿ ಹೋಗಿದ್ದರು. ಎರಡೂ ಕಂಪ್ಯೂಟರಿನ ಫೈರ್‌ವಾಲ್ ಬಂದ್ ಮಾಡಿದ್ದರು, ಡಿ ಡ್ರೈವನ್ನು ಇಡಿಯಾಗಿ ‘ಎವೆರಿಒನ್’ ಹೆಸರಿಗೆ ಬಿಟ್ಟಿದ್ದರು, ಶೇರಿಂಗಿಗೆ ಪಾಸ್‌ವರ್ಡ್ ಕೇಳುವುದನ್ನು ತೆಗೆದಿದ್ದರು, ಲ್ಯಾಪ್‌ಟಾಪಿನಲ್ಲಿ ಎಸ್‌ಎಂಬಿ 1 ಎಂಬ ಫೈಲ್ ಹಂಚಿಕೆಯ ಹಳೆಯ ಭಾಷೆ ಹಚ್ಚಿದ್ದರು.

“ಇಷ್ಟೆಲ್ಲಾ ತಗದ ಮ್ಯಾಲೂ ಬರವಲ್ತು ನೋಡ್ರಿ ಸರ್. ಇನ್ನೇನ್ ತಗೀಬೇಕು?” ಎಂದರು ಮನೆಯವರು.

ತೆಗೆಯುವುದು ಏನೂ ಉಳಿದಿರಲಿಲ್ಲ. ಎರಡೂ ಕಡೆ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್‌ಫಿಗ್ ಎಂದು ಹೊಡೆದು, ಬಂದ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡದ್ದು ಮೊದಲ ಕೆಲಸ. ಕೆಳಗಿನದು 192.168.1.5, ಮೇಲಿನದು 192.168.0.101. ಸಬ್‌ನೆಟ್ ಮಾಸ್ಕ್ ಎರಡಕ್ಕೂ 255.255.255.0. ಈ ಮಾಸ್ಕ್ ಇದ್ದಾಗ ಮೊದಲ ಮೂರು ಅಂಕಿ ಓಣಿಯ ಹೆಸರು, ಕೊನೆಯದು ಮನೆಯ ನಂಬರು. ಇಲ್ಲಿ ಮೂರನೆಯ ಅಂಕಿ ಒಂದಕ್ಕೆ 1, ಇನ್ನೊಂದಕ್ಕೆ 0. ಒಂದೇ ಮನೆಯೊಳಗೆ ಎರಡು ಓಣಿ.

ಹೀಗಾಗಲು ಕಾರಣ ಗೋಡೆ. ಹಳೆಯ ಮನೆಯ ಗೋಡೆ ದಪ್ಪ, ಕೆಳಗಿನ ಫೈಬರ್ ಡಬ್ಬಿಯ ವೈಫೈ ಮೇಲೆ ಹತ್ತುವುದಿಲ್ಲ. ಹಾಗಾಗಿ ಕೆಳಗಿನಿಂದ ಒಂದು ಕೇಬಲ್ ಎಳೆದು ಮೇಲೊಂದು ಹಳೆಯ ರೌಟರ್ ಇಟ್ಟಿದ್ದಾರೆ, ಕೇಬಲನ್ನು ಅದರ ವ್ಯಾನ್ ಪೋರ್ಟಿಗೆ, ಅಂದರೆ ಹೊರಗಿನ ಇಂಟರ್ನೆಟ್ ಬರುವ ತೂತಿಗೆ, ಚುಚ್ಚಿದ್ದಾರೆ. ಇಂಟರ್ನೆಟ್ ಬರುತ್ತದೆ, ಮೊಬೈಲ್ ನಡೆಯುತ್ತದೆ, ತಪ್ಪಾಗಿದೆ ಎಂದು ಯಾರಿಗೂ ಅನಿಸುವುದಿಲ್ಲ. ಆದರೆ ವ್ಯಾನ್ ಪೋರ್ಟಿಗೆ ಕೇಬಲ್ ಬಿದ್ದ ರೌಟರ್ ತನ್ನ ಹಿಂದೆ ಬೇರೆಯೇ ಓಣಿ ಕಟ್ಟಿಕೊಂಡು, ತನ್ನದೇ ಡಿಎಚ್‌ಸಿಪಿಯಿಂದ ನಂಬರು ಹಂಚುತ್ತದೆ.

ದಾರಿ ತಪ್ಪಿಸುವ ಸಂಗತಿ ಇಲ್ಲೊಂದಿದೆ. ಮೇಲಿನಿಂದ ಕೆಳಗಿನದಕ್ಕೆ ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ’ ಎಂದು ಕೂಗಿ ನೋಡಿದರೆ, ಉತ್ತರ ಬರುತ್ತದೆ. ಮೇಲಿನ ರೌಟರ್ ತಾನೇ ಕೆಳಗಿನ ಓಣಿಯಲ್ಲಿ ಒಂದು ನಂಬರು ಪಡೆದಿರುತ್ತದೆ, ಲ್ಯಾಪ್‌ಟಾಪಿನ ಮಾತನ್ನು ತನ್ನ ಹೆಸರಲ್ಲಿ ಮುಟ್ಟಿಸಿ ಉತ್ತರ ತಂದುಕೊಡುತ್ತದೆ. ಕೆಳಗಿನಿಂದ ಮೇಲಕ್ಕೆ ಮಾಡಿದರೆ ‘ರಿಕ್ವೆಸ್ಟ್ ಟೈಮ್ಡ್ ಔಟ್’. ಫೈಬರ್ ಡಬ್ಬಿಗೆ 0 ಓಣಿ ಎಲ್ಲಿದೆ ಎಂಬುದೇ ಗೊತ್ತಿಲ್ಲ. ಕಂಪ್ಯೂಟರುಗಳು ತಮ್ಮ ಹೆಸರು ಕೂಗಿ ಹೇಳುವ ಡಿಸ್ಕವರಿ ಸಂದೇಶವಂತೂ ರೌಟರ್ ದಾಟುವುದೇ ಇಲ್ಲ. ಒಂದು ದಿಕ್ಕಿನಲ್ಲಷ್ಟೇ ಪಿಂಗ್ ಮಾಡಿ ‘ನೆಟ್‌ವರ್ಕ್ ಸರಿಯಿದೆ’ ಎಂದವರು ಆಮೇಲೆ ಇಡೀ ದಿನ ವಿಂಡೋಸ್ ಸೆಟ್ಟಿಂಗಿನಲ್ಲೇ ಕೈಯಾಡಿಸುತ್ತಾರೆ. ಪಿಂಗ್ ಎರಡೂ ಕಡೆಯಿಂದ ಆಗಬೇಕು. ಫೈರ್‌ವಾಲ್ ಹಚ್ಚಿದ್ದಾಗ ಅದು ಪಿಂಗನ್ನೇ ತಡೆಯಬಹುದು, ಆದ್ದರಿಂದ ಉತ್ತರ ಬಾರದ್ದೊಂದನ್ನೇ ಹಿಡಿದು ತೀರ್ಪು ಕೊಡಬಾರದು. ಇಲ್ಲಿ ಫೈರ್‌ವಾಲ್ ಮೊದಲೇ ಬಂದಾಗಿದ್ದರಿಂದ ಆ ಅನುಮಾನ ಇರಲಿಲ್ಲ.

ಮೇಲಿನ ರೌಟರ್ ತನ್ನ ಓಣಿ ಬಿಟ್ಟು ಕೆಳಗಿನ ಓಣಿಯ ವೈಫೈಯನ್ನಷ್ಟೇ ಹಂಚಬೇಕಿತ್ತು. ಹೊಸ ರೌಟರುಗಳಲ್ಲಿ ಇದಕ್ಕೆಂದೇ ಆಕ್ಸೆಸ್ ಪಾಯಿಂಟ್ ಮೋಡ್ ಇರುತ್ತದೆ, ಒಂದು ಒತ್ತಿಗೆ ಕೆಲಸ ಮುಗಿಯುತ್ತದೆ. ಈ ಹಳೆಯದರಲ್ಲಿ ಇರಲಿಲ್ಲ, ಕೈಯಿಂದಲೇ ಮಾಡಬೇಕಾಯಿತು. ಮೊದಲು ಫೈಬರ್ ಡಬ್ಬಿಯ ಪುಟ 192.168.1.1ಕ್ಕೆ ಹೋಗಿ ಡಿಎಚ್‌ಸಿಪಿ ಹಂಚುವ ನಂಬರುಗಳನ್ನು 20ರಿಂದ 200ರವರೆಗೆ ಇಳಿಸಿದ್ದಾಯಿತು. ಅಲ್ಲಿಯೇ ಡೆಸ್ಕ್‌ಟಾಪಿನ ಮ್ಯಾಕ್ ವಿಳಾಸ (ಯಂತ್ರದ ಹುಟ್ಟು ಗುರುತು) ಹಾಕಿ 192.168.1.50 ನಂಬರನ್ನು ಅದಕ್ಕೇ ಕಾಯ್ದಿರಿಸಿದ್ದೂ ಆಯಿತು. ಕರೆಂಟ್ ಹೋಗಿ ಬಂದಾಗಲೆಲ್ಲ ನಂಬರು ಬದಲಾಗಿ ನಿನ್ನೆ ತೆರೆದ ಫೋಲ್ಡರ್ ಇವತ್ತು ತೆರೆಯದಿರುವುದು ನಮ್ಮ ಕಡೆ ದಿನದ ಮಾತು.

ಮೇಲಿನ ರೌಟರಿನಲ್ಲಿ ಕೆಲಸದ ಸರದಿ ತಪ್ಪಬಾರದು. ಲ್ಯಾಪ್‌ಟಾಪನ್ನು ಕೇಬಲಿನಿಂದ ಅದರ ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನಗಳ ತೂತಿಗೆ) ಹಚ್ಚಿ, ಮೊದಲು ರೌಟರಿನ ಸ್ವಂತ ವಿಳಾಸವನ್ನು 192.168.1.2 ಮಾಡಬೇಕು. ಅದು ಮರಳಿ ಚಾಲೂ ಆದ ಮೇಲೆ ಹೊಸ ವಿಳಾಸದಲ್ಲಿ ಒಳಹೋಗಿ ಡಿಎಚ್‌ಸಿಪಿ ಬಂದ್ ಮಾಡಬೇಕು. ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು ವ್ಯಾನ್ ಪೋರ್ಟಿನಿಂದ ಕಿತ್ತು ಲ್ಯಾನ್ ಪೋರ್ಟಿಗೆ ಚುಚ್ಚಬೇಕು. ಡಿಎಚ್‌ಸಿಪಿಯನ್ನು ಮೊದಲೇ ಬಂದ್ ಮಾಡಿದರೆ ಲ್ಯಾಪ್‌ಟಾಪಿಗೆ ನಂಬರು ಕೊಡುವವರು ಯಾರೂ ಇಲ್ಲದೆ ಅದು 169.254ರಿಂದ ಶುರುವಾಗುವ ತನ್ನದೇ ನಂಬರು ಹಾಕಿಕೊಳ್ಳುತ್ತದೆ, ರೌಟರಿನ ಪುಟ ತೆರೆಯುವುದಿಲ್ಲ. ವಿಳಾಸ ಬದಲಿಸದೆ ಎರಡೂ ಡಬ್ಬಿಗೆ 192.168.1.1 ಬಂದರೆ ಇಡೀ ಮನೆಯ ಇಂಟರ್ನೆಟ್ ಆಗಾಗ ಬಿದ್ದೇಳುತ್ತಿರುತ್ತದೆ.

ಕೇಬಲ್ ಕೀಳುವಾಗ ನೋಡಿದರೆ ಆರ್‌ಜೆ 45 ಪ್ಲಗ್ಗಿನ ಕೊಂಡಿ ಮುರಿದಿತ್ತು. ಕತ್ತರಿಸಿ ಹೊಸದು ಒತ್ತಿದ್ದಾಯಿತು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟೂ ತಂತಿ ಸರಿಯಿದ್ದರೆ ಗಿಗಾಬಿಟ್ ವೇಗ ಬರಬೇಕು. ಆದರೆ ಮೇಲಿನ ರೌಟರಿನ ಪೋರ್ಟುಗಳೇ 100 ಮೆಗಾಬಿಟ್ಟಿನವು, ಸೆಕೆಂಡಿಗೆ 11-12 ಮೆಗಾಬೈಟಿನ ಮೇಲೆ ಹೋಗುವುದಿಲ್ಲ. 2 ಜಿಬಿಯ ಫ್ಲೆಕ್ಸ್ ಫೈಲಿಗೆ ಮೂರು ನಿಮಿಷ. ಲಗ್ನಪತ್ರಕ್ಕೆ ಇದು ಸಾಕು ಎಂದು ಬಿಟ್ಟಿದ್ದಾಯಿತು.

ಈಗ ಲ್ಯಾಪ್‌ಟಾಪಿಗೆ 192.168.1.23 ಬಂತು, ಪಿಂಗ್ ಎರಡೂ ಕಡೆ ಸರಿ. ಆಗ ಎರಡರ ಫೈರ್‌ವಾಲನ್ನೂ ಮತ್ತೆ ಹಚ್ಚಲಾಯಿತು. ಹಚ್ಚುತ್ತಲೇ ಲ್ಯಾಪ್‌ಟಾಪ್ ಕಡೆಯ ದಾರಿ ಬಂದಾಯಿತು.

“ಅಯ್ಯ, ಮತ್ತ ಹಾಕಿದ್ರಿ? ಅದಕ್ಕ ಬರವಲ್ತು,” ಎಂದರು ವೈನಿ.

ಫೈರ್‌ವಾಲಿನ ತಪ್ಪಿರಲಿಲ್ಲ. ಗೇಟ್‌ವೇ, ಅಂದರೆ ಓಣಿಯಿಂದ ಹೊರಹೋಗುವ ಬಾಗಿಲು, ಬದಲಾದಾಗ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದು ತಿಳಿದು ‘ಪಬ್ಲಿಕ್’ ಎಂದು ಬರೆದುಕೊಳ್ಳುತ್ತದೆ. ಬಸ್ ಸ್ಟ್ಯಾಂಡಿನ ವೈಫೈಗೂ ಮನೆಯದಕ್ಕೂ ಅದಕ್ಕೆ ಫರಕಿಲ್ಲ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ಆ ಸಂಪರ್ಕದ ಪ್ರಾಪರ್ಟೀಸ್. ಅಲ್ಲಿ ‘ಪ್ರೈವೇಟ್’ ಆರಿಸಬೇಕು. ವಿಂಡೋಸ್ 7ರಲ್ಲಿ ‘ವರ್ಕ್ ನೆಟ್‌ವರ್ಕ್’ ಎಂದು ಕೊಟ್ಟರೆ ಸಾಕು. ಅಲ್ಲಿ ಕಾಣುವ ಹೋಮ್‌ಗ್ರೂಪಿನ ಗೊಡವೆ ಬೇಡ. 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಿಂದಲೇ ಅದನ್ನು ತೆಗೆದುಹಾಕಿದ್ದಾರೆ, ಹೊಸ ಲ್ಯಾಪ್‌ಟಾಪಿಗೆ ಅದರ ಪರಿಚಯವೇ ಇಲ್ಲ.

‘ನೆಟ್‌ವರ್ಕ್’ ಎಂಬ ಕಿಟಕಿಯಲ್ಲಿ ಕಂಪ್ಯೂಟರಿನ ಚಿತ್ರ ಇನ್ನೂ ಕಾಣುತ್ತಿರಲಿಲ್ಲ. ಚಿತ್ರ ಕಾಣುವುದು ಬೇರೆ, ಫೈಲ್ ತೆರೆಯುವುದು ಬೇರೆ. ಚಿತ್ರ ಬರಬೇಕಾದರೆ ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್, ಎಸ್‌ಎಸ್‌ಡಿಪಿ ಡಿಸ್ಕವರಿ, ಯುಪಿಎನ್‌ಪಿ ಡಿವೈಸ್ ಹೋಸ್ಟ್ ಎಂಬ ಸರ್ವಿಸ್‌ಗಳು ನಡೆಯುತ್ತಿರಬೇಕು. ಅವು ನಿಂತಿದ್ದರೆ ನೆಟ್‌ವರ್ಕ್ ಡಿಸ್ಕವರಿ ಆನ್ ಮಾಡಿದರೂ ಅದು ತಾನೇ ಆಫ್ ಆಗಿ ಕೂರುತ್ತದೆ. ಫೈಲ್ ತೆರೆಯಲು ಬೇಕಾದ್ದು 445ನೆಯ ಪೋರ್ಟ್ (ಕೇಬಲ್ ಚುಚ್ಚುವುದಲ್ಲ, ಕಂಪ್ಯೂಟರಿನೊಳಗಿನ ನಂಬರಿನ ಬಾಗಿಲು) ಒಂದೇ. ಲ್ಯಾಪ್‌ಟಾಪಿನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಆಜ್ಞೆಗೆ ಡೆಸ್ಕ್‌ಟಾಪಿನ ವಿಳಾಸ ಮತ್ತು 445 ಕೊಟ್ಟಾಗ ಕೊನೆಯ ಸಾಲಿನಲ್ಲಿ ‘ಟ್ರೂ’ ಬಂತು. ಬಾಗಿಲು ತೆರೆದಿದೆ ಎಂದಾಯಿತು. ಚಿತ್ರಕ್ಕೆ ಕಾಯದೆ ಫೋಲ್ಡರ್ ಕಿಟಕಿಯ ಮೇಲಿನ ವಿಳಾಸದ ಪಟ್ಟಿಯಲ್ಲಿ \\192.168.1.50 ಎಂದು ಹೊಡೆಯುವುದೇ ನೆಟ್ಟಗಿನ ದಾರಿ.

ಹೊಡೆದಾಗ ಬಂದ ಸಂದೇಶ ಮನೆಯವರನ್ನು ನಗಿಸಿತು. ಹೆಸರು ಹೇಳದೆ ಬರುವ ಅತಿಥಿಗಳನ್ನು ನಿಮ್ಮ ಸಂಸ್ಥೆಯ ಭದ್ರತಾ ನೀತಿ ತಡೆಯುತ್ತದೆ, ಆದ್ದರಿಂದ ಈ ಫೋಲ್ಡರ್ ತೆರೆಯಲಾಗದು, ಎಂಬುದು ಅದರ ಸಾರ. “ನಮ್ದು ಯಾವ ಸಂಸ್ಥಾರಿ? ಗಂಡ-ಹೆಂಡತಿ ಇಬ್ಬರ ಅದೇವಿ!”

ಸಂಸ್ಥೆ ಎಂಬುದು ಮೈಕ್ರೋಸಾಫ್ಟಿನ ಸಿದ್ಧ ವಾಕ್ಯ, ತೊಡಕು ಮಾತ್ರ ಖರೆ. ಕೆಳಗಿನ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ತೆಗೆದಿದ್ದರಿಂದ ಅದು ಎಲ್ಲರನ್ನೂ ‘ಗೆಸ್ಟ್’ ಎಂದು ಒಳಗೆ ಬಿಡಲು ನೋಡುತ್ತದೆ. 2024ರ 24ಎಚ್2 ಆವೃತ್ತಿಯ ವಿಂಡೋಸ್ 11 ಪ್ರೊ ಗೆಸ್ಟ್ ಆಗಿ ಹೋಗಲು ಒಪ್ಪುವುದಿಲ್ಲ. ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಬೇಕು ಎನ್ನುತ್ತದೆ, ಪಾಸ್‌ವರ್ಡ್ ಇಲ್ಲದ ಗೆಸ್ಟಿಗೆ ಸಹಿ ಹಾಕಲು ಬರುವುದಿಲ್ಲ. ಈ ಕಟ್ಟುಪಾಡನ್ನು ಗ್ರೂಪ್ ಪಾಲಿಸಿ ಎಂಬ ವಿಂಡೋಸ್ ನಿಯಮಗಳ ಪಟ್ಟಿಯಲ್ಲಿ ಸಡಿಲಿಸಬಹುದು, ಬಹಳ ಜನ ಹೇಳಿಕೊಡುವ ಉಪಾಯವೂ ಅದೇ. ಹೊಸ ಕೀಲಿ ಹಾಕಿ ಐದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಬಾಗಿಲನ್ನೇ ಕಿತ್ತಿಡುವ ಉಪಾಯ ನನಗಂತೂ ಸೇರದು.

ಡೆಸ್ಕ್‌ಟಾಪಿನಲ್ಲಿ ‘ಹಂಚಿಕೆ’ ಎಂಬ ಹೆಸರಿನ ಸ್ಟ್ಯಾಂಡರ್ಡ್ ಯೂಸರ್ ಮಾಡಿ, ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದು, ಪಾಸ್‌ವರ್ಡ್ ಕೊಟ್ಟು, ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗನ್ನು ಮತ್ತೆ ಆನ್ ಮಾಡಲಾಯಿತು. ಮನೆಯವರ ಮೂಲ ಯೂಸರಿಗೆ ಪಾಸ್‌ವರ್ಡೇ ಇರಲಿಲ್ಲ. ಖಾಲಿ ಪಾಸ್‌ವರ್ಡಿನ ಯೂಸರನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ, ಹಾಗಾಗಿ ಹೊಸ ಯೂಸರ್ ಬೇಕೇ ಬೇಕು. ಇದರಿಂದ ಒಂದು ಕಿರಿಕಿರಿ ಹುಟ್ಟುತ್ತದೆ: ಮೊದಲು ನೆಟ್ಟಗೆ ಚಾಲೂ ಆಗುತ್ತಿದ್ದ ಕಂಪ್ಯೂಟರ್ ಈಗ ಎರಡು ಹೆಸರು ತೋರಿಸಿ ಯಾರೆಂದು ಕೇಳುತ್ತದೆ. ರನ್ ಪೆಟ್ಟಿಗೆಯಲ್ಲಿ ನೆಟ್‌ಪ್ಲ್‌ವಿಜ್ ಹೊಡೆದು, ಮೂಲ ಯೂಸರನ್ನು ಆರಿಸಿ, ಹೆಸರು-ಪಾಸ್‌ವರ್ಡ್ ಕೇಳುವ ಗುರುತನ್ನು ತೆಗೆದರೆ ಹಳೆಯ ಚಾಳಿಗೇ ಮರಳುತ್ತದೆ.

ಆಮೇಲೆ ಡಿ ಡ್ರೈವಿನ ಶೇರ್ ರದ್ದು ಮಾಡಿ, ಲಗ್ನಪತ್ರಗಳ ಫೋಲ್ಡರ್ ಒಂದನ್ನೇ ಶೇರ್ ಮಾಡಿದ್ದು. ಇಲ್ಲಿ ಎರಡು ಕಡೆ ಅನುಮತಿ ಕೊಡಬೇಕು. ಶೇರಿಂಗ್ ಟ್ಯಾಬಿನ ಪರ್ಮಿಶನ್‌ನಲ್ಲಿ ‘ಹಂಚಿಕೆ’ಗೆ ಚೇಂಜ್, ಸೆಕ್ಯುರಿಟಿ ಟ್ಯಾಬಿನಲ್ಲಿ ಅದೇ ಹೆಸರಿಗೆ ಮಾಡಿಫೈ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಫೈಲ್ ತೆರೆಯುತ್ತದೆ, ಸೇವ್ ಆಗುವುದಿಲ್ಲ ಎಂಬ ದೂರು ಬಂದರೆ ಬಹುಪಾಲು ಸೆಕ್ಯುರಿಟಿ ಟ್ಯಾಬ್ ಮರೆತಿರುತ್ತಾರೆ.

ಲ್ಯಾಪ್‌ಟಾಪ್ ಹೆಸರು, ಪಾಸ್‌ವರ್ಡ್ ಕೇಳಿತು. ವೈನಿ ದಿನಾ ಹೊಡೆಯುವ ನಾಲ್ಕಂಕಿಯ ಪಿನ್ ಹೊಡೆದರು. ಪಿನ್ ಆ ಲ್ಯಾಪ್‌ಟಾಪಿನ ಹೊಸ್ತಿಲು ದಾಟುವುದಿಲ್ಲ. ಕೊಡಬೇಕಾದ್ದು ಕೆಳಗಿನ ಕಂಪ್ಯೂಟರಿನ ಯೂಸರ್ ಮತ್ತು ಅದರ ಪಾಸ್‌ವರ್ಡ್. ಯೂಸರ್ ಹೆಸರಿಗಿಂತ ಮೊದಲು ಆ ಕಂಪ್ಯೂಟರಿನ ಹೆಸರು ಮತ್ತು ಒಂದು ಹಿಂದೋರೆ ಗೆರೆ (\). ಸರಿಯಾಗಿ ಹೊಡೆದರೂ 1219 ಎಂಬ ದೋಷ ಬಂತು. ಒಂದು ಕಂಪ್ಯೂಟರಿಗೆ ಒಂದೇ ಸಲ ಎರಡು ಹೆಸರಿನಿಂದ ಸಂಪರ್ಕ ಇರಬಾರದೆಂಬ ನಿಯಮವಿದೆ, ಹಿಂದಿನ ಸಂಪರ್ಕವಿನ್ನೂ ಜೀವ ಹಿಡಿದಿತ್ತು. ನೆಟ್ ಯೂಸ್ ಆಜ್ಞೆಗೆ ನಕ್ಷತ್ರ ಚಿಹ್ನೆ ಮತ್ತು ಡಿಲೀಟ್ ಸೇರಿಸಿ ಎಲ್ಲ ಕಡಿದು, ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಕೂತಿದ್ದ ಹಳೆಯ ನಮೂದು ಅಳಿಸಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದ ಮೇಲೆ ಫೋಲ್ಡರ್ ತೆರೆಯಿತು. ಅದನ್ನೇ ಝಡ್ ಡ್ರೈವ್ ಎಂದು ಮ್ಯಾಪ್ ಮಾಡಿದ್ದಾಯಿತು.

ಎಸ್‌ಎಂಬಿ 1 ತೆಗೆಯುವುದು ಬಾಕಿ ಇತ್ತು. ವಿಂಡೋಸ್ 7 ಎಸ್‌ಎಂಬಿ 2.1ರಲ್ಲೇ ಮಾತಾಡುತ್ತದೆ, ಹಳೆಯದು ಬೇಕಾಗುವುದು ಎಕ್ಸ್‌ಪಿ ಅಥವಾ ಅದರ ಕಾಲದ ಸಾಧನಗಳಿಗೆ. 2017ರ ಮೇ ತಿಂಗಳಲ್ಲಿ ಜಗತ್ತಿನ ತುಂಬ ಹಬ್ಬಿದ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ನುಗ್ಗಿದ್ದು ಆ ಎಸ್‌ಎಂಬಿ 1ರ ತೂತಿನಿಂದಲೇ. ಟರ್ನ್ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಅದರ ಗುರುತು ತೆಗೆದದ್ದಾಯಿತು.

ವಿಂಡೋಸ್ 7ಕ್ಕೆ 2020ರ ಜನವರಿ 14ರಿಂದ ಮೈಕ್ರೋಸಾಫ್ಟಿನ ಬೆಂಬಲವಿಲ್ಲ. ಪೇಜ್‌ಮೇಕರಿಗಾಗಿ ಅದನ್ನು ಇಟ್ಟುಕೊಳ್ಳುವುದೇ ಆದರೆ ಇಂಟರ್ನೆಟ್ ಕಡಿಯುವುದು ಒಳ್ಳೆಯದು. ಇದಕ್ಕೆ ಕೆಲವರು ಗೇಟ್‌ವೇ ಜಾಗ ಖಾಲಿ ಬಿಡುತ್ತಾರೆ. ಹಾಗೆ ಮಾಡಿದರೆ ವಿಂಡೋಸ್ ಅದನ್ನು ‘ಅನ್‌ಐಡೆಂಟಿಫೈಡ್ ನೆಟ್‌ವರ್ಕ್’ ಎಂದು ಕರೆದು ಪಬ್ಲಿಕ್‌ಗೆ ಹಾಕುತ್ತದೆ, ಶೇರಿಂಗ್ ಮತ್ತೆ ಬಂದ್. ಫೈಬರ್ ಡಬ್ಬಿಯ ಪೇರೆಂಟಲ್ ಕಂಟ್ರೋಲಿನಲ್ಲಿ ಆ ಮ್ಯಾಕ್ ವಿಳಾಸಕ್ಕೆ ಇಂಟರ್ನೆಟ್ ತಡೆದದ್ದೇ ಲೇಸಾಯಿತು.

ಮೊದಲ ಪತ್ರ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡು ಇಬ್ಬರ ಮುಖವೂ ಸಣ್ಣದಾಯಿತು. ಶೇರಿಂಗಿಗೂ ಅದಕ್ಕೂ ಸಂಬಂಧವಿಲ್ಲ. ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಹೊಡೆದ ಬರಹಕ್ಕೆ ತೆರೆಯುವ ಕಂಪ್ಯೂಟರಿನಲ್ಲೂ ಅದೇ ಫಾಂಟ್ ಇರಬೇಕು. ಕೆಳಗಿದ್ದ ಎರಡು ಫಾಂಟ್ ಮೇಲೆ ಇರಲಿಲ್ಲ, ಝಡ್ ಡ್ರೈವ್ ಮೂಲಕವೇ ತಂದು ಹಾಕಿದ್ದಾಯಿತು.

ಕೊನೆಗೆ ಮೇನ್ ಸ್ವಿಚ್ ಇಳಿಸಿ ಎಲ್ಲ ಬಂದ್ ಮಾಡಿ ಮತ್ತೆ ಏರಿಸಿ ನೋಡಿದ್ದು. ಡೆಸ್ಕ್‌ಟಾಪ್ ನಿದ್ದೆಗೆ ಜಾರಿದರೆ ಫೋಲ್ಡರೂ ಮಾಯವಾಗುತ್ತದೆ, ಅದಕ್ಕೇ ಪವರ್ ಆಪ್ಶನ್ಸ್‌ನಲ್ಲಿ ಸ್ಲೀಪ್ ಜಾಗಕ್ಕೆ ‘ನೆವರ್’ ಕೊಟ್ಟಾಗಿತ್ತು. ಡೆಸ್ಕ್‌ಟಾಪ್ 50ನೇ ನಂಬರಿನಲ್ಲೇ ಎದ್ದಿತು. ಲ್ಯಾಪ್‌ಟಾಪಿನಲ್ಲಿ ಮಾತ್ರ ಝಡ್ ಡ್ರೈವಿನ ಮೇಲೆ ಕೆಂಪು ಅಡ್ಡಗೆರೆ.

“ಮತ್ತ ಹೋತೇನ್ರಿ?”

“ಒಂದು ಸಲ ಕ್ಲಿಕ್ ಮಾಡ್ರಿ ವೈನಿ. ವೈಫೈ ಹತ್ತೂದು ಸ್ವಲ್ಪ ತಡ ಆಗತೈತಿ, ಅದಕ್ಕಿಂತ ಮೊದಲ ಅದು ಡ್ರೈವ್ ಹುಡುಕಿರತೈತಿ.”

ಕ್ಲಿಕ್ ಮಾಡಿದರು. ಕೆಂಪು ಗೆರೆ ಹೋಯಿತು, ಮುಹೂರ್ತ ತಿದ್ದಿದ ಪತ್ರ ತೆರೆದುಕೊಂಡಿತು.