ಕಾಮ್ 3 ಎಲ್ಲಿ ಹೋಯ್ತು?

ನಿನ್ನೆ ರಾತ್ರಿ ಅಗ್ಗದ ಆರ್ಡುಯಿನೋ ಬೋರ್ಡ್ (ಪ್ರೋಗ್ರಾಂ ಹಾಕಿ ಆಡಿಸುವ ಪುಟ್ಟ ಸರ್ಕ್ಯೂಟ್) ಜೊತೆ ಎರಡು ಗಂಟೆ ಗುದ್ದಾಡಿದೆ. ಅದರ ಜೊತೆ ಮಾತಾಡೋಕೆ ಕಂಪ್ಯೂಟರ್‌ನಲ್ಲಿ ಬರೆದಿದ್ದ, ಬೆಳಿಗ್ಗೆ ಚೆನ್ನಾಗೇ ಓಡುತ್ತಿದ್ದ ಪ್ರೋಗ್ರಾಂ ರಾತ್ರಿ 'ಪೋರ್ಟ್ ಸಿಗುತ್ತಿಲ್ಲ' ಅಂತ ಹಟ ಹಿಡಿದು ಕೂತಿತ್ತು. ಮೊದಲು ಕೇಬಲ್ ಮೇಲೆ ಅನುಮಾನ. ಚಾರ್ಜಿಂಗ್‌ಗೆ ಮಾತ್ರ ಆಗುವ ಕೇಬಲ್‌ಗಳು ಮನೆಯಲ್ಲಿ ಜಾಸ್ತಿ ಇವೆ, ನೋಡೋಕೆ ಎಲ್ಲ ಒಂದೇ ಥರ.

ತಪ್ಪು ನನ್ನದೇ. ಕೋಡ್‌ನಲ್ಲಿ ಸುಮ್ನೆ 'ಕಾಮ್ 3' ಅಂತ, ಅಂದರೆ ಬೋರ್ಡ್‌ಗೆ ವಿಂಡೋಸ್ ಕೊಟ್ಟಿದ್ದ ಪೋರ್ಟ್ ನಂಬರನ್ನೇ ಬರೆದುಬಿಟ್ಟಿದ್ದೆ. ಸಂಜೆ ಬೋರ್ಡನ್ನು ಪಕ್ಕದ ಯುಎಸ್‌ಬಿ ತೂತಿಗೆ ಚುಚ್ಚಿದ್ದೆ. ಬೋರ್ಡ್‌ನಲ್ಲಿ ಯುಎಸ್‌ಬಿ ಸಂಪರ್ಕ ನೋಡಿಕೊಳ್ಳುವ ಸಿಎಚ್340 ಚಿಪ್‌ಗೆ ತನ್ನದೇ ಸೀರಿಯಲ್ ನಂಬರ್ ಇಲ್ಲ. ಹಾಗಾಗಿ ತೂತು ಬದಲಾದರೆ ವಿಂಡೋಸ್ ಅದನ್ನು ಹೊಸ ನೆಂಟ ಅಂದುಕೊಂಡು ಹೊಸ ನಂಬರ್ ಕೊಡುತ್ತದೆ. ನನ್ನದು ಕಾಮ್ 11 ಆಗಿತ್ತು.

ಪೈಥಾನ್ ಭಾಷೆಯಲ್ಲಿ ಇಂಥ ಪೋರ್ಟ್‌ಗಳ ಜೊತೆ ಮಾತಾಡೋಕೆ ಇರುವ ಪೈಸೀರಿಯಲ್ ಲೈಬ್ರರಿಯಲ್ಲಿ 'ಕಾಮ್‌ಪೋರ್ಟ್ಸ್' ಅನ್ನೋ ಫಂಕ್ಷನ್ ಇದೆ. ಕರೆದರೆ ಇರುವ ಪೋರ್ಟ್‌ಗಳನ್ನೆಲ್ಲ ಸಾಲಾಗಿ ಹೇಳುತ್ತದೆ. ಬ್ಲೂಟೂತ್‌ನ ಎರಡು ಪೋರ್ಟ್ ಕೂಡ ಬಂದವು, ಅವನ್ನು ಯಾರು ಕರೆದಿದ್ದರೋ! ಮೊದಲು ಸಿಕ್ಕಿದ್ದನ್ನೇ ಹಿಡಿದರೆ ಮತ್ತೆ ಮೋಸ. ಅದಕ್ಕೆ ಈ ಚಿಪ್‌ನ ತಯಾರಕರ ಗುರುತು 1ಎ86, ಸಾಧನದ ಗುರುತು 7523 ಇರುವುದನ್ನು ಮಾತ್ರ ಆರಿಸಿಕೊಂಡೆ. ಪಟ್ಟಿಯಲ್ಲಿದೆ ಅಂದಮಾತ್ರಕ್ಕೆ ಖಾಲಿ ಇದೆ ಅಂತಲೂ ಅಲ್ಲ. ಹಿನ್ನೆಲೆಯಲ್ಲಿ ಸೀರಿಯಲ್ ಮಾನಿಟರ್ (ಬೋರ್ಡ್ ಕಳಿಸುವ ಮಾತು ತೋರಿಸುವ ಕಿಟಕಿ) ತೆರೆದಿಟ್ಟು ಮರೆತಿದ್ದೆ, ಪೋರ್ಟನ್ನು ಅದೇ ಹಿಡಿದುಕೊಂಡಿತ್ತು, 'ಪ್ರವೇಶವಿಲ್ಲ' ಅಂತ ಇನ್ನೊಂದು ಬೈಗುಳ ಬಂತು.

ನಂಬರ್ ನೆಚ್ಚಿಕೊಂಡು ಕೂತಿದ್ದೆ, ಮುಖ ನೋಡಿರಲಿಲ್ಲ ಅನ್ನಿಸಿತು. ಅಮ್ಮನ ಫೋನ್ ನಂಬರ್ ಕೂಡ ನನಗೆ ಬಾಯಿಪಾಠ ಇಲ್ಲ, ಅದು ಬೇರೆ ಮಾತು. ಸದ್ಯಕ್ಕೆ ಎಲ್‌ಇಡಿ ಮಿಣುಕುತ್ತಿದೆ, ಕಾಫಿ ಆರಿದೆ.