ಟೋಲ್ ಉಳಿಸೋಕೆ ಬಂದ್ರಾ, ದಾರಿ ತಪ್ಪಿತಾ?

ಭಾನುವಾರ ಚನ್ನಪಟ್ಟಣದ ಗೊಂಬೆ ಅಂಗಡಿಯವರೊಬ್ಬರು ಕೇಳಿದ ಮಾತು ವಾರ ಪೂರ್ತಿ ತಲೆಯಲ್ಲೇ ಇದೆ. ನಾವಿನ್ನೂ ಕಾರಿನಿಂದ ಇಳಿದು ಅಂಗಡಿ ಮೆಟ್ಟಿಲು ಹತ್ತುತ್ತಿದ್ದೆವು. "ಟೋಲ್ ಉಳಿಸೋಕೆ ಬಂದ್ರಾ ಸಾರ್, ಇಲ್ಲಾ ದಾರಿ ತಪ್ಪಿತಾ?" ಅಂದರು. ವ್ಯಂಗ್ಯ ಏನಿರಲಿಲ್ಲ. ಊಟ ಆಯ್ತಾ ಅಂತ ಕೇಳುವ ಧಾಟಿಯಲ್ಲೇ ಕೇಳಿದರು.

ಉತ್ತರ ಕೊಡಬೇಕಾಗಿದ್ದು ನಮ್ಮ ಭಾವ. ಮೈಸೂರಿನಲ್ಲಿ ಗೃಹಪ್ರವೇಶ ಮುಗಿಸಿಕೊಂಡು ಬರುವಾಗ ಟೋಲ್ ಇಲ್ಲದ ಹಳೇ ರಸ್ತೆಯಲ್ಲೇ ಹೋಗೋಣ ಅಂತ ಹಟ ಹಿಡಿದವರು ಅವರೇ. ಬೆಳಿಗ್ಗೆ ಮುಹೂರ್ತ ಮೀರುತ್ತೆ ಅಂತ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಹಿಡಿದಿದ್ದೆವು. ಕಣಿಮಿಣಿಕೆಯ ಟೋಲ್ ಗೇಟಿನಲ್ಲಿ ದುಡ್ಡು ಹೋಯ್ತು ಅಂತ ಒಂದು ಮೆಸೇಜ್, ಗಣಂಗೂರಿನ ಗೇಟಲ್ಲಿ ಇನ್ನೊಂದು. ಎರಡು ಸಲವೂ ಭಾವನ ಮುಖ ನೋಡಬೇಕಿತ್ತು. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಬೇರೆಯವರ ಖಾತೆಯಿಂದ ದುಡ್ಡು ಹೋಗೋದನ್ನ ಜೀವನ ಪೂರ್ತಿ ನೋಡಿದ್ದಾರೆ, ತಮ್ಮ ಖಾತೆಯಿಂದ ಹೋದರೆ ಮಾತ್ರ ತಡೆಯೋಕಾಗಲ್ಲ.

ಹಳೇ ರಸ್ತೆಯಲ್ಲಿ ಬಂದರೆ ಎಷ್ಟು ಉಳಿಯುತ್ತೆ ಅನ್ನೋದೇ ಶ್ರೀರಂಗಪಟ್ಟಣದಿಂದ ಮಂಡ್ಯದವರೆಗೆ ಕಾರಿನೊಳಗಿನ ಜಗಳ. 2023ರ ಮಾರ್ಚ್‌ನಲ್ಲಿ ರಸ್ತೆ ಉದ್ಘಾಟನೆಯಾದಾಗ ಬೆಂಗಳೂರಿನಿಂದ ದಾರಿ ನಡುವಿನ ನಿಡಘಟ್ಟದವರೆಗೆ ಕಾರಿಗೆ 135 ರೂಪಾಯಿ ಇತ್ತು. ಮೂರು ತಿಂಗಳಿಗೇ 165 ಆಯಿತು. ಜುಲೈನಲ್ಲಿ ನಿಡಘಟ್ಟದಿಂದ ಮೈಸೂರಿನ ಪಾಲಿಗೆ 155 ಸೇರಿತು. ಅಲ್ಲಿಗೆ ಒಂದು ಕಡೆಗೆ 320. ಆಮೇಲೂ ದರ ಪರಿಷ್ಕರಣೆ ಆಗಿದೆ, ಲೆಕ್ಕ ಸುಲಭ ಆಗಲಿ ಅಂತ ಇದನ್ನೇ ಇಟ್ಟುಕೊಳ್ಳಿ. "ನೋಡು, 320 ಉಳೀತು" ಅಂದರು ಭಾವ. ಹಿಂದಿನ ಸೀಟಿನಲ್ಲಿದ್ದ ಅವರ ಮಗಳು ಬಿಡಲಿಲ್ಲ. 24 ಗಂಟೆಯೊಳಗೆ ವಾಪಸ್ ಬಂದರೆ ಎರಡೂ ಕಡೆ ಸೇರಿ ಸುಮಾರು ಒಂದೂವರೆ ಪಟ್ಟು ಮಾತ್ರ ತಗೋತಾರೆ ಅಪ್ಪ, ಅಂದರೆ 485. ಬೆಳಿಗ್ಗೆ 320 ಆಗಲೇ ಹೋಗಿದೆ. ನೀವು ಉಳಿಸಿದ್ದು 165 ಅಷ್ಟೇ ಅಂದಳು. ಭಾವ ಗೇರ್ ಬದಲಿಸಿದರು, ಮಾತು ಬದಲಿಸಲಿಲ್ಲ. "165 ಏನು ಬಿಟ್ಟಿ ಬರುತ್ತಾ?"

ಬಿಟ್ಟಿ ಬರಲಿಲ್ಲ ನಿಜ. ಬೆಳಿಗ್ಗೆ ಕೆಂಗೇರಿ ದಾಟಿದ ಮೇಲೆ ಒಂದೂವರೆ ಗಂಟೆಯಲ್ಲಿ ಮೈಸೂರು. ವಾಪಸ್ ಬರುವಾಗ ಮಂಡ್ಯ ಊರೊಳಗೆ ಸಿಗ್ನಲ್, ಕಬ್ಬಿನ ಟ್ರ್ಯಾಕ್ಟರ್, ಮದ್ದೂರಿನಲ್ಲಿ ಅಡ್ಡ ನಿಂತ ಬಸ್ಸು, ಎಲ್ಲಾ ಸೇರಿ ಅದರ ಎರಡರಷ್ಟು ಹೊತ್ತು. ಪೆಟ್ರೋಲ್ ಲೀಟರಿಗೆ ನೂರು ದಾಟಿ ಯಾವ ಕಾಲ ಆಯ್ತು. ನಿಂತು ನಿಂತು ಹೋಗುವ ರಸ್ತೆಯಲ್ಲಿ ಒಂದು ಲೀಟರ್ ಜಾಸ್ತಿ ಕುಡಿದರೂ 165ರಲ್ಲಿ ಉಳಿಯೋದು ಎರಡು ಪ್ಲೇಟ್ ಮದ್ದೂರು ವಡೆ ದುಡ್ಡು. ಆ ವಡೆಯನ್ನೂ ನಾವು ದಾರಿಯಲ್ಲೇ ತಿಂದೆವು ಅನ್ನೋದು ಬೇರೆ ವಿಷಯ. ಟೋಲ್ ರಸ್ತೆಯಲ್ಲಿ ನೂರರಲ್ಲಿ ಓಡಿಸಿದರೂ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಅಂತ ಭಾವನ ವಾದ. ಅದೂ ಸುಳ್ಳಲ್ಲ.

ಇಷ್ಟೆಲ್ಲ ಕಿತ್ತಾಡಿ ಚನ್ನಪಟ್ಟಣದಲ್ಲಿ ಇಳಿದಾಗ ಆ ಪ್ರಶ್ನೆ. ಭಾವ ನಕ್ಕು, "ಉಳಿಸೋಕೇ ಬಂದಿದ್ದು ಯಜಮಾನ್ರೇ" ಅಂದರು. ಅಂಗಡಿಯವರು ಇನ್ನೂ ಜೋರಾಗಿ ನಕ್ಕರು. "ಹಂಗಾದ್ರೆ ಆ ದುಡ್ಡಿಗೆ ಇಲ್ಲೊಂದು ಗೊಂಬೆ ತಗೊಳ್ಳಿ. ಗೇಟಿಗೆ ಕೊಡೋದು ನಮಗೆ ಕೊಟ್ಟಂಗಾಗುತ್ತೆ."

ಒಂದು ಬುಗುರಿ ತೆಗೆದು ಗಾಜಿನ ಕೌಂಟರ್ ಮೇಲೆ ತಿರುಗಿಸಿಬಿಟ್ಟರು. ಕೆಂಪು, ಹಳದಿ, ಹಸಿರು ಪಟ್ಟೆಗಳು ತಿರುಗುವಾಗ ಒಂದೇ ಬಣ್ಣ ಆದವು. ಹಾಲೆ ಮರದ್ದು, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಲೇತ್‌ನಲ್ಲಿ ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಹೊಳಪು ಬರೋದು ಹಾಗೆ. 2005ರಲ್ಲೇ ಈ ಗೊಂಬೆಗಳಿಗೆ ಜಿಐ ಟ್ಯಾಗ್, ಅಂದರೆ ಈ ಊರಿನದ್ದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆ. ಅದರ ಬೋರ್ಡು ಅಂಗಡಿಯ ಬಾಗಿಲಿಗೆ ಇತ್ತು, ಧೂಳು ಕುಳಿತು ಅರ್ಧ ಕಾಣುತ್ತಿರಲಿಲ್ಲ. ಭಾವ ಆ ಬುಗುರಿಗೂ ಇಪ್ಪತ್ತು ರೂಪಾಯಿ ಚೌಕಾಸಿ ಮಾಡಿದರು. ಗಣಂಗೂರಿನ ಗೇಟಿನಲ್ಲಿ ಈ ಬಾಯಿ ಎಲ್ಲಿ ಹೋಗಿತ್ತು ಅಂತ ಅಕ್ಕ ಕೇಳಿದಳು. ನನಗೂ ಅದೇ ಅನಿಸಿತ್ತು. ಎದುರಿಗೆ ಮನುಷ್ಯ ಕೂತಿದ್ದರೆ ನಾವು ಚೌಕಾಸಿ ಮಾಡುತ್ತೇವೆ, ಕಾರಿನ ಫಾಸ್ಟ್ಯಾಗ್ ಸ್ಟಿಕ್ಕರ್ ಓದಿಕೊಂಡು ಯಂತ್ರ ಕಿತ್ತುಕೊಂಡರೆ ಸುಮ್ನೆ ಕೊಟ್ಟು ಮುಂದೆ ಹೋಗುತ್ತೇವೆ.

ಟೋಲ್ ಉಳಿಸೋಕೆ ಬಂದ್ರಾ, ಇಲ್ಲಾ ದಾರಿ ತಪ್ಪಿತಾ. ಮನೆಗೆ ಬಂದು ಮಲಗಿದ ಮೇಲೂ ಇದೇ. ಅವರು ಕೊಟ್ಟಿದ್ದು ಎರಡೇ ಕಾರಣ. ಗೊಂಬೆ ತಗೊಳ್ಳೋಕೆ ಬಂದ್ರಾ ಅಂತ ಅಂಗಡಿಯವರೇ ಕೇಳಲಿಲ್ಲ! ಮೊದಲು ಬೆಂಗಳೂರು–ಮೈಸೂರು ಅಂದರೆ ಈ ಊರುಗಳ ಹೊಟ್ಟೆಯೊಳಗಿಂದಲೇ ಹೋಗಬೇಕಿತ್ತು. ಬಿಡದಿ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ಮದ್ದೂರು ವಡೆ, ಎಲ್ಲದಕ್ಕೂ ದಾರಿಯೇ ಗಿರಾಕಿಗಳನ್ನ ತಂದು ಬಿಡುತ್ತಿತ್ತು. ಈಗ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್. ಊರಿನ ಹೆಸರು ಬೋರ್ಡಿನಲ್ಲಿ ಬಂದು ಹೋಗುತ್ತೆ, ಊರು ಬರಲ್ಲ.

ಹಾಗಂತ ಎಕ್ಸ್‌ಪ್ರೆಸ್‌ವೇ ಬೇಡವಾಗಿತ್ತು ಅನ್ನೋ ಪೈಕಿ ನಾನಲ್ಲ. ರಾಮನಗರದ ಜಾಮ್‌ನಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡು ಒದ್ದಾಡುವುದನ್ನ ಕಣ್ಣಾರೆ ನೋಡಿದ್ದೇನೆ. ಹಳೇ ರಸ್ತೆಯ ಬಗ್ಗೆ ಕಣ್ಣೀರು ಹಾಕುವವರಲ್ಲಿ ಅರ್ಧ ಜನ ಅದರಲ್ಲಿ ಕಾಲಿಟ್ಟೇ ವರ್ಷಗಳಾಗಿವೆ. ಆದರೆ ಅಂಗಡಿಯವರು ಮಾತಿನ ನಡುವೆ ಮಗನ ವಿಷಯ ಹೇಳಿದರು. ಬಿಡದಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ, ಬೈಕಿನಲ್ಲಿ ಓಡಾಟ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬರುವ ಹಾಗಿಲ್ಲ. ಸಾಲು ಸಾಲು ಅಪಘಾತ ಆಗುತ್ತಿತ್ತು, ನಿಷೇಧ ಮಾಡಿದ್ದು ಸರಿಯೇ. ಆದರೆ ಟೋಲ್ ರಸ್ತೆಯೋ ಫ್ರೀ ರಸ್ತೆಯೋ ಅಂತ ನಾವು ಕಾರಿನಲ್ಲಿ ಕೂತು ತೂಗುತ್ತೇವಲ್ಲ, ಆ ಹುಡುಗನ ಮುಂದೆ ತೂಗೋಕೆ ಏನೂ ಇಲ್ಲ. ಅವನಿಗೆ ಇರೋದು ಒಂದೇ ರಸ್ತೆ. ಅದು ಹೊಂಡ ಬಿದ್ದರೂ ಅದೇ, ಮಳೆಯಲ್ಲಿ ಅಂಡರ್‌ಪಾಸ್ ತುಂಬಿದರೂ ಅದೇ. ಟೋಲ್ ರಸ್ತೆಯಲ್ಲಿ ಹೊಂಡ ಬಿದ್ದರೆ ದುಡ್ಡು ಕೊಟ್ಟಿದ್ದೀವಿ ಅಂತ ಕೂಗಬಹುದು. ಫ್ರೀ ರಸ್ತೆಯವರು ಏನಂತ ಕೂಗಬೇಕು?

ರಾತ್ರಿ ಭಾವ ಫೋನ್ ಮಾಡಿದರು. ಫಾಸ್ಟ್ಯಾಗ್ ವಾರ್ಷಿಕ ಪಾಸ್ ತಗೊಳ್ಳೋದು ಅಂತ ತೀರ್ಮಾನ ಆಗಿದೆ. 2025ರ ಆಗಸ್ಟ್ 15ಕ್ಕೆ ಶುರುವಾದ ಯೋಜನೆ, ಆಗ 3000 ರೂಪಾಯಿಗೆ 200 ಸಲ ಗೇಟು ದಾಟಬಹುದಿತ್ತು. ಅಂದರೆ ವರ್ಷದೊಳಗೆ ಅಷ್ಟೂ ಸಲ ದಾಟಿದರೆ ಒಂದು ಗೇಟಿಗೆ 15 ರೂಪಾಯಿ, ಮೈಸೂರಿಗೆ ಹೋಗೋಕೆ 30! ತಿಂಗಳಿಗೊಂದು ಸಲ ಮೈಸೂರಿಗೆ ಹೋಗುವ ಅವರಿಗೆ ಇದು ಲಾಟರಿ. ಇಷ್ಟು ದಿನ ತಗೊಂಡಿರಲಿಲ್ಲ, ಒಟ್ಟಿಗೆ ಮೂರು ಸಾವಿರ ಕೊಡೋಕೆ ಮನಸ್ಸು ಬಂದಿರಲಿಲ್ಲ ಅಷ್ಟೇ.

ನನಗೆ ತಮಾಷೆ ಅನಿಸಿದ್ದು ಆ 15. 2023ರಲ್ಲಿ ಟೋಲ್ ಶುರುವಾದಾಗ ಕೆಎಸ್‌ಆರ್‌ಟಿಸಿಯವರು ಈ ರಸ್ತೆಯಲ್ಲಿ ಹೋಗುವ ಸಾಮಾನ್ಯ ಬಸ್ಸಿನ ಒಬ್ಬೊಬ್ಬ ಪ್ರಯಾಣಿಕನ ಟಿಕೆಟ್ಟಿಗೂ ಸೇರಿಸಿದ್ದು ಅದೇ 15 ರೂಪಾಯಿ. ಬಸ್ಸಿನಲ್ಲಿ ಒಬ್ಬನಿಗೆ 15, ಪಾಸ್ ಇರುವ ಕಾರಿನಲ್ಲಿ ಐದು ಜನಕ್ಕೂ ಸೇರಿ ಗೇಟಿಗೆ 15. ಇನ್ನು ಹಳದಿ ಬೋರ್ಡಿನ ಟ್ಯಾಕ್ಸಿಯವನಿಗೆ ಆ ಪಾಸ್ ಕೊಡೋದೇ ಇಲ್ಲ. ದಿನಾ ಅದೇ ರಸ್ತೆಯಲ್ಲಿ ದುಡಿಯುವವನಿಗೆ ಈ ರಿಯಾಯಿತಿ ಇಲ್ಲ, ಗೃಹಪ್ರವೇಶಕ್ಕೆ ಹೋಗುವ ನಮಗೆ ಇದೆ. ಇದನ್ನ ಭಾವನಿಗೆ ಹೇಳಿದೆ. "ಅದು ಸರಿ, ಈಗ ನಾನು ಪಾಸ್ ತಗೋಬೇಕೋ ಬೇಡವೋ ಅದನ್ನ ಹೇಳು" ಅಂದರು. ತಗೊಳ್ಳಿ ಅಂದೆ. ಇನ್ನೇನು ಹೇಳಲಿ?

ಸ್ಪೀಕರ್ ಆನ್ ಇತ್ತು ಅಂತ ಕಾಣುತ್ತೆ, ಹಿಂದಿನಿಂದ ಅಕ್ಕ ಕೂಗಿದಳು. "ನೀವು ಪಾಸಾದರೂ ತಗೊಳ್ಳಿ, ಸುತ್ತಾದರೂ ಹಾಕಿ. ಇನ್ನು ಮೇಲೆ ನಾನು ಬಸ್ಸಲ್ಲಿ ಬರ್ತೀನಿ. ಆಧಾರ್ ತೋರಿಸಿದರೆ ನನಗೆ ಟೋಲೂ ಇಲ್ಲ, ಟಿಕೆಟ್ಟೂ ಇಲ್ಲ."

"ಸೀಟೂ ಇರಲ್ಲ" ಅಂದರು ಭಾವ.